ಎದುರು ಬರುವಾಗ

ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕಸುಬು,
ಮಂಡ್ಯದ ನೂರಡಿ ರಸ್ತೆಯ ಹಿಂದಿನ ಕ್ರಾಸಿನಲ್ಲಿ,
ಝೆರಾಕ್ಸ್ ಅಂಗಡಿಯ ಮೇಲೆ.
ಹಗಲೆಲ್ಲ ಅಚ್ಚು, ಮೇಣ, ಪ್ಲಾಸ್ಟರು,
ಯಾರದೋ ಬಾಯಿ ನನ್ನ ಅಂಗೈಯಲ್ಲಿ.
ರಾತ್ರಿ ಅದೇ ಮೇಜು ಒರೆಸಿ
ಬಾಲ್ಸಾ ಹಲಗೆ ಹಾಸುತ್ತೇನೆ.
ಸುಡದ ಹಪ್ಪಳದಷ್ಟು ಹಗುರ, ಬ್ಲೇಡಿಗೆ ಬೆಣ್ಣೆ,
ಎಳೆಗೆ ಅಡ್ಡ ಹೋದರೆ ಮಾತ್ರ ಹಟ.

ಪಕ್ಕೆಲುಬು ಹದಿನಾಲ್ಕು. ಒಂದೊಂದನ್ನೂ
ಹಲ್ಲು ತೀಡುವ ಅರದಲ್ಲೇ ತೀಡಿದೆ.
ಹೊದಿಸಿದ ಹಳದಿ ಹಾಳೆ
ಇಸ್ತ್ರಿಪೆಟ್ಟಿಗೆಯ ಬಿಸಿಗೆ ಸುಕ್ಕು ಬಿಟ್ಟು ಬಿಗಿದು
ಬೆರಳು ತಾಗಿಸಿದರೆ ತಮಟೆ.

ಬ್ಯಾಟರಿಗೆ ಇನಾಯತನೇ ಯಜಮಾನ,
ಫ್ರಿಜ್ಜು ರಿಪೇರಿಯವನು:
“ಪೂರ್ತಿ ಉಣ್ಣಿಸಿ ಇಡಬೇಡ, ಉಪವಾಸವೂ ಕೆಡವಬೇಡ,
ಅರೆಹೊಟ್ಟೇಲಿ ಮಲಗಿಸು.”
ಇಬ್ಬರೂ ಸೇರಿ ರೆಕ್ಕೆಯ ಕೆಳಗೆ
ಎರಡು ತೋರುಬೆರಳು ಕೊಟ್ಟು ಎತ್ತಿದೆವು.
ಬಾಲ ಜಗ್ಗಿತು. ಮೂತಿಯೊಳಗೆ
ಯಾರೂ ಬಂದು ಒಯ್ಯದ ಎರಡು ಲೋಹದ ಹಲ್ಲು ತುರುಕಿದೆ.
ಸಮ ಬಂತು.

ಹೊಳಲು ದಾರಿಯಲ್ಲಿ ಸೈಟು ಮಾರದ ಬಡಾವಣೆ.
ಟಾರು ಇದೆ, ಮನೆಯಿಲ್ಲ.
ಕಂಬ ಇದೆ, ದೀಪವಿಲ್ಲ.
ಮೊದಲ ವಾರ ಸೈಟುಕಲ್ಲಿಗೆ ಬಡಿದು ಮೂತಿ ಒಡೆಯಿತು,
ವಸಡಿನ ಗುಲಾಬಿ ಪುಡಿ ಕಲೆಸಿ ತೇಪೆ ಹಾಕಿದೆ.
ಇನಾಯತ್ ಅದಕ್ಕೆ ‘ಅಜ್ಜಿ’ ಅಂದ. ಹೆಸರು ಉಳಿಯಿತು.

ದೂರ ಹೋಗುವಾಗ ಸುಲಭ.
ಅದರ ಎಡ ನನ್ನ ಎಡ,
ನಾನೇ ಅದರೊಳಗೆ ಕೂತ ಹಾಗೆ.
ತಿರುಗಿ ನನ್ನ ಕಡೆ ಬಂತೋ,
ಅದರ ಎಡ ನನ್ನ ಬಲ.
ಇಪ್ಪತ್ತೆರಡು ವರ್ಷ ಎದುರಿನ ಬಾಯಿಗಳನ್ನೇ ನೋಡಿದವನು,
ನನಗಿದು ಗೊತ್ತಿರಬೇಕಿತ್ತು.
ಗೊತ್ತಿತ್ತು.
ಬೆರಳಿಗೆ ಗೊತ್ತಿರಲಿಲ್ಲ.

“ಬೀಳ್ತಿರೋ ರೆಕ್ಕೆ ಕಡೇಗೇ ಕಡ್ಡಿ ಒತ್ತೋ,
ಊರುಗೋಲು ಕೊಟ್ಟಂಗೆ!”
ಇನಾಯತ್ ಕೂಗುವಷ್ಟರಲ್ಲಿ
ಹಳದಿ ಹೋಗಿ ಕರಿ ಗೆರೆ,
ಗೆರೆ ಹೋಗಿ ಬರೀ ಸದ್ದು,
ಸದ್ದು ಹೋಗಿ
ದ್ಯಾವಮ್ಮನ ಕಬ್ಬು.

ಮೂರು ಸಂಜೆ ಹುಡುಕಿದೆವು.
ಕಬ್ಬಿನೊಳಗೆ ದಿಕ್ಕಿಲ್ಲ, ಸಾಲು ಮಾತ್ರ.
ಗರಿಯ ಅಂಚು ಮೊಣಕೈವರೆಗೆ ಗೀರಿ ಗೀರಿ,
ಬೆವರು ಇಳಿದಲ್ಲೆಲ್ಲ ಉರಿ.
ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು
ದ್ಯಾವಮ್ಮ ಎಲೆಯಡಿಕೆ ಕುಟ್ಟುತ್ತ ಹೇಳಿದಳು:
“ಕಟಾವಿಗೆ ಬರ್ಲಿ ಬುಡು. ಎಲ್ಲೋದಾತು?
ನೆಲ ಏನ್ ನುಂಗ್ಕತದಾ?”

ಎಂಟು ತಿಂಗಳು.
ನಡುವೆ ಅವಳೇ ಬಂದಳು, ಡಾಕ್ಟರ ಚೀಟಿ ಹಿಡಿದು,
ಮೇಲಿನದೂ ಕೆಳಗಿನದೂ.
ಅಚ್ಚಿನಲ್ಲಿ ಅವಳ ವಸಡು ನೋಡಿದೆ,
ನೀರು ಹಾಯಿಸಿ ಹಾಯಿಸಿ ಸವೆದ ಬದು.
ಚೌಕಾಸಿ ಮಾಡಿದಳು, ಗೆದ್ದಳು.
“ಕಬ್ಬು ಮಾತ್ರ ಕಚ್ಚಬೇಡಿ” ಅಂದೆ.
“ಊ್ಞ” ಅಂದಳು, ಗೋಡೆಯ ಗಡಿಯಾರ ನೋಡುತ್ತ.

ಸಿಕ್ಕಿತು.
ತರಗಿನಡಿ ಗುಲಾಬಿ ಕಂಡು
ಕಡಿಯುವ ಹೆಂಗಸೊಬ್ಬಳು ಮಚ್ಚು ಬಿಸುಟು ಕಿರುಚಿದಳಂತೆ,
ಯಾರದೋ ಬಾಯಿ ಅಂತ.
ಹಾಳೆ ಹರಿದಿತ್ತು, ಪಕ್ಕೆಲುಬು ಐದು ಉಳಿದಿತ್ತು.
ಬ್ಯಾಟರಿ ಊದಿದ್ದ ಕಡೆ ಗೆದ್ದಲಿನ ಮಣ್ಣು,
ಹೊಟ್ಟೆಯಲ್ಲಿ ಇಲಿಯ ಗೂಡು,
ಗೂಡಿನಲ್ಲಿ ಕಿರುಬೆರಳಿನ ಉಗುರಿನಷ್ಟು ನಾಲ್ಕು ಮರಿ.
ಮೂತಿ ಮಾತ್ರ ಗಟ್ಟಿ.
ಲೋಹದ ಹಲ್ಲು ಎರಡೂ ಅಲ್ಲೇ.

“ಓಗೋವಾಗ ಚೆಂದಾಗೇ ಓಯ್ತಿತ್ತಲ್ಲ,
ಬರೋವಾಗ ಏನಾತು ಅದ್ಕೆ?”
ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ.
ಕಡಿದ ರಾಶಿಯಿಂದ ಒಂದು ಜಲ್ಲೆ ಎಳೆದು
ಗಿಣ್ಣಿನ ಹತ್ತಿರವೇ ಕಚ್ಚಿ ಸಿಪ್ಪೆ ಸುಲಿದಳು,
ನನ್ನೆದುರಿಗೇ, ನಾನು ಕಟ್ಟಿದ ಹಲ್ಲಿನಲ್ಲೇ.
ಬಲಗಡೆ ಕಚ್ಚುತ್ತಿದ್ದಳು.
ಅಂದರೆ ನನ್ನ ಎಡ.

ಮರಿ ಕಣ್ಣು ಬಿಡುವವರೆಗೆ ಅಲ್ಲೇ ಇರಲಿ ಅಂತ
ಹೊಟ್ಟೆಯನ್ನು ಬದುವಿನ ಮೇಲೆ ಬಿಟ್ಟು
ಮೂತಿ, ತಂತಿ, ನಾಲ್ಕು ಸರ್ವೊ ತಂದೆ.
ರಾತ್ರಿ ಹೊಸ ಬ್ಯಾಟರಿ ಕೊಟ್ಟು ನೋಡಿದರೆ
ಮೂರು ಸುಮ್ಮನಿವೆ.
ನಾಲ್ಕನೆಯದು, ಎಡರೆಕ್ಕೆಯದು,
ಕಿರ್ ಅಂದು ಒಂದು ಸಲ ತಿರುಗಿ
ನಡುವಿಗೆ ಬಂದು ನಿಂತಿತು.
ಕಡ್ಡಿ ಒತ್ತಿದೆ.
ಮತ್ತೆ ಕಿರ್.