ಬಾಗಿದರೆ ಹತ್ತಿರ

ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು,
ಆಕ್ಲೆಂಡಿನಿಂದ ಸಾಂತಿಯಾಗೊ.
ಹೋಗಲು ಹನ್ನೊಂದು ಗಂಟೆ,
ಬರಲು ಹದಿಮೂರು.
ದಾರಿಯೇನೂ ಬೆಳೆಯುವುದಿಲ್ಲ. ಗಾಳಿ
ಹೋಗುವವರ ಬೆನ್ನಿಗೆ, ಬರುವವರ ಎದೆಗೆ.
ಆ ಗಾಳಿಯ ಲೆಕ್ಕ ಬರೆಯುವುದು ನನ್ನ ಕೆಲಸ:
ಇಷ್ಟು ಇಂಧನ, ಇಷ್ಟು ಎತ್ತರ, ಇಷ್ಟು ಜನ.
ಜನರ ತೂಕ ಗೊತ್ತು ನನಗೆ,
ಹೆಸರು ಗೊತ್ತಿರುವುದಿಲ್ಲ.

ಆ ಭಾನುವಾರ ಒಂದು ಹೆಸರು ಗೊತ್ತಿತ್ತು.
ರಾಯೆನ್,
ಮಾಂಗೆರೆಯಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯವಳು.
ಬೇಕರಿಯಲ್ಲಿ ರಾತ್ರಿಪಾಳಿ,
ಮೊಣಕೈವರೆಗೆ ಸದಾ ಹಿಟ್ಟು.
ಮಧ್ಯಾಹ್ನ ಎರಡಕ್ಕೆ ಹಲಗೆ ಗೋಡೆ ದಾಟಿ ಬಂತು
ಫೋನಿನಲ್ಲಿ ತಂಗಿಗೆ ಅವಳಾಡಿದ ಮಾತು.
ಸ್ಪ್ಯಾನಿಷ್ ನನಗೆ ಬಾರದು.
ಬೈಗುಳಕ್ಕೆ ಭಾಷೆ ಯಾಕೆ?

ಬೇಲಿಯ ಬಳಿ ಬಂದು ತಾನೇ ಹೇಳಿದಳು.
ಅಮ್ಮನ ಮಗ್ಗ ಮಾರಿಬಿಟ್ಟಳಂತೆ ಮಿಲ್ಲಾರಾಯ್,
ನಿಂತ ಮರ ಎರಡು, ಅಡ್ಡ ಮರ ಎರಡು,
ಅರ್ಧ ನೇಯ್ದ ಹೊದಿಕೆಯ ಸಮೇತ.
“ಅಮ್ಮನನ್ನೇ ಮಾರಿದೆ ನೀನು, ಅಂದೆ, ಸೆಮಿಸಿ.
ಅಂದುಬಿಟ್ಟೆ.”
ಅಷ್ಟು ಹೊತ್ತಿಗಾಗಲೇ ಸಂಜೆಯ ವಿಮಾನಕ್ಕೆ
ಟಿಕೆಟು ಕೊಂಡಾಗಿತ್ತು,
ಮೂರು ತಿಂಗಳ ರಾತ್ರಿಗಳನ್ನು ತೆತ್ತು.

“ಎಷ್ಟು ದೂರ, ಸರಿಯಾಗಿ ಹೇಳು” ಎಂದಳು.
ಮಗಳ ಭೂಗೋಳ ತಂದು ಅಳೆದು ತೋರಿಸಿದೆ:
ಒಂದು ಗೇಣು.
ಗೋಡೆಯ ನಕ್ಷೆಯಲ್ಲಿ ನೆಟ್ಟಗೆ ಎಳೆದ ಗೆರೆಯೇ
ಉದ್ದದ ದಾರಿ. ತೆಂಕಲಿಗೆ, ಹಿಮಗಡ್ಡೆಯ ಕಡೆಗೆ
ಬಾಗಿದರೆ ಹತ್ತಿರ.
“ಬಾಗಿದರೆ ಹತ್ತಿರವೇ?”
ಮೂದಲಿಸಿದೆನೇನೋ ಎಂಬಂತೆ ನೋಡಿದಳು.

ಇನ್ನೊಂದು ಮಾತು ಹೇಳಬಾರದಿತ್ತು, ಹೇಳಿದೆ.
ಇಲ್ಲಿ ಇಂದು ಸಂಜೆ ಆರಕ್ಕೆ ಹೊರಟರೆ
ಅಲ್ಲಿ ಇಳಿಯುವುದು ಇಂದೇ,
ಮಧ್ಯಾಹ್ನ ಒಂದಕ್ಕೆ.
“ಒಂದಕ್ಕೆ?” ಬೆರಳು ಮಡಚಿ ಎಣಿಸಿದಳು.
“ಬೈದದ್ದು ಎರಡಕ್ಕಲ್ಲವೇ!
ಹಾಗಾದರೆ ಅಲ್ಲಿ
ನಾನಿನ್ನೂ ಬಾಯಿ ತೆರೆದಿಲ್ಲ.”

ಲೆಕ್ಕದವನು, ಸುಮ್ಮನಿರಲಾಗಲಿಲ್ಲ.
ಇಲ್ಲ ರಾಯೆನ್, ನೀನು ಭಾನುವಾರ ಆಡಿದ್ದು
ಅವಳ ಕಿವಿಗೆ ಶನಿವಾರ ರಾತ್ರಿಯೇ ಬಿದ್ದಿದೆ.
ಮಾತಿಗೆ ಎದುರುಗಾಳಿ ಇಲ್ಲ,
ಇಂಧನ ಬೇಡ,
ಆಡುವ ಮೊದಲೇ ತಲುಪುವುದು ಅದೊಂದೇ.

ನಾಲ್ಕಕ್ಕೆ ಪಾಳಿಗೆ ಕೂತೆ. ಗಾಳಿ ಚೆನ್ನಾಗಿತ್ತು.
ಹತ್ತು ಗಂಟೆ ಐವತ್ತೆರಡು ನಿಮಿಷ ಎಂದು ಬರೆದೆ.
ಎಂಟು ನಿಮಿಷ ಉಳಿಯಿತು.
ಯಾರಿಗೆ ಬೇಕಿತ್ತು, ಬಿಡಿ.

ಅಲ್ಲಿ ಏನಾಯಿತೆಂದು ಅವಳು ಪೂರ್ತಿ ಹೇಳಲಿಲ್ಲ.
ಮಗ್ಗ ಸಿಗಲಿಲ್ಲವಂತೆ,
ಕೊಂಡವನು ತೆಮುಕೊ ದಾಟಿ ಹೋಗಿದ್ದ.
ಬಾಗಿಲು ತೆರೆದ ತಂಗಿ ಒಳಗೆ ಕರೆಯದೆ,
“ನಿನ್ನೆ ಬೈದವಳು ನೀನೇ ತಾನೇ?” ಎಂದಳಂತೆ.
“ನಿನ್ನೆಯಲ್ಲ” ಎಂದಳಂತೆ ಇವಳು,
“ಇವತ್ತು. ನನಗದು ಇನ್ನೂ ಇವತ್ತೇ.”
ಆಮೇಲೆ ಇಬ್ಬರೂ
ಹೊಸ್ತಿಲ ಮೇಲೇ ಕೂತರಂತೆ, ಚಳಿಯಲ್ಲಿ.

ಬುಧವಾರ ನಡುರಾತ್ರಿಗೆ ಹತ್ತಿದವಳು
ಶುಕ್ರವಾರ ಬೆಳಗಿಗೆ ಇಳಿದಳು.
ನಡುವೆ ಕಳೆದುಹೋದ ಗುರುವಾರಕ್ಕೆ
ಅವಳಿಗೆ ನಲವತ್ತು ತುಂಬಬೇಕಿತ್ತು.
“ಎಲ್ಲಿ ಬಿತ್ತು, ಹೇಳು” ಎಂದು ನಕ್ಕಳು,
ಕೈಯಲ್ಲಿ ಬಿಸಿ ಬ್ರೆಡ್ಡು.
ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.
ಸುಮ್ಮನೆ ಕಡಲ ಕಡೆ ಕೈ ತೋರಿಸಿದೆ,
ಕೊಂಚ ತೆಂಕಲಿಗೆ.