ಜೋಳದ ಕಾಳಿನಷ್ಟು

ಡೋಣಿಯ ದಾರಿ ಬಿಟ್ಟು ಗುಡ್ಡ ಏರುವಾಗಲೇ
ದಾವಲ ಅಂದ: "ಅಕ್ಕಾರ, ಈ ಲೆನ್ಸ್ ಬ್ಯಾಡ್ರಿ.
ಇದರಾಗ ಎಲ್ಲಾ ಬರತೈತಿ,
ಚಂದ್ರ ಒಬ್ಬಾಂವ ಬರಂಗಿಲ್ಲ."

ಹದಿನಾರರ ಲೆನ್ಸು. ಅದರ ಗುಣ ನನಗೂ ಗೊತ್ತು:
ಕಾಲಬುಡದ ಬಾದೆಹುಲ್ಲನ್ನು ಮರ ಮಾಡುತ್ತದೆ,
ದೂರದವರನ್ನು ಇನ್ನಷ್ಟು ದೂರ ಕೂರಿಸುತ್ತದೆ,
ಪಂಕ್ತಿಯ ಕೊನೆಗೆ ಕೂತ ಬಡ ಬೀಗರ ಹಾಗೆ.

ಆದರೂ ಅದೇ ಬೇಕಿತ್ತು.
ಕಪ್ಪತಗುಡ್ಡದ ಮಗ್ಗುಲು ಪೂರ್ತಿ ಬೇಕಿತ್ತು,
ಹನ್ನೊಂದು ಗಾಳಿಯಂತ್ರಗಳಲ್ಲಿ ಒಂದನ್ನೂ ಬಿಡಲು ಮನಸ್ಸಿರಲಿಲ್ಲ,
ಕೆಳಗೆ ಎರಿಹೊಲದ ಕಪ್ಪು, ಕುಸುಬಿ ಕಿತ್ತ ಮೇಲಿನ ಬೂದು,
ಆಚೆ ಡಂಬಳದ ಕೆರೆ, ಬಿಸಾಕಿದ ತಗಡಿನ ಚೂರು.

ಹೋಳಿ ಹುಣ್ಣಿಮೆ. ಹೊತ್ತಿಗೆ ಸರಿಯಾಗಿ ಬರಲಿಲ್ಲ ಅವನು,
ಧೂಳಿನ ಹಿಂದೆ ನಿಂತು ಮುಖ ತೊಳೆಯುತ್ತಿದ್ದ.
ಆಮೇಲೆ ಬಂದ, ಹುಣಸೆಹಣ್ಣು ಹಚ್ಚಿದ ತಂಬಿಗೆಯ ತಳದಂತೆ.
ಅಬ್ಬಾ ಎಷ್ಟು ದೊಡ್ಡಾಂವ, ಅಂದೆ.
ದಾವಲ ಕೈ ಚಾಚಿ, ಒಂದು ಕಣ್ಣು ಮುಚ್ಚಿ ಅಳೆದ:
ಕಿರುಬೆರಳ ಉಗುರಿನ ಹಿಂದೆ
ಇದ್ದಷ್ಟೂ ಅಡಗಿಹೋದ.

ಕತ್ತಲಾಗುವ ತನಕ ಕಾದು ಕೂತೆವು. ಶೇಂಗಾ ಮುಗಿದವು.
ನೆಲಕ್ಕೆ ಇಪ್ಪತ್ತು ಸೆಕೆಂಡು ಕೊಟ್ಟರೆ ಅವನೊಂದು ಸುಟ್ಟ ತೂತು,
ಅವನಿಗೆ ತಕ್ಕಷ್ಟೇ ಕೊಟ್ಟರೆ ಗುಡ್ಡವೇ ಇಲ್ಲ.
ಒಬ್ಬರಿಗೆ ಬಡಿಸಿದರೆ ಇನ್ನೊಬ್ಬರು ಉಪವಾಸ.
ಎರಡು ಹೊಡೆದೆ.
ಟ್ರೈಪಾಡಿನ ಕಾಲು ಒತ್ತಿ ಹಿಡಿದ ದಾವಲ ಉಸಿರು ಬಿಡಲಿಲ್ಲ,
ಗಾಳಿ ಬಿಟ್ಟಿತು; ಹನ್ನೊಂದೂ ಯಂತ್ರದ ರೆಕ್ಕೆ ಹೊಗೆಯಾದವು.

ಗದಗಿನ ಸ್ಟುಡಿಯೋ. ಷಟರು ಅರ್ಧ ಇಳಿಸಿ
ಎರಡನ್ನೂ ಒಂದರ ಮೇಲೊಂದು ಹಾಸಿ ಕೌದಿಯಂತೆ ಹೊಲಿದೆ.
ಹೊಲಿಗೆ ಕಾಣಬಾರದು. ಕೆಲಸವೇ ಅದು.

ಪ್ರೆಸ್ಸಿನ ನೀಲಕಂಠಪ್ಪ ಹೂಲಿಯವರ ಫೋನು:
"ಕ್ಯಾಲೆಂಡರಿಗೆ ಛಲೋ ಐತ್ರಿ. ಚಂದ್ರನ್ನಷ್ಟ ರೊಟ್ಟಿ ಮಾಡ್ರಿ."

ಮಾಡಿ ನೋಡಿದೆ.
ಹೋದ ವರ್ಷ ಉದ್ದನೆಯ ಲೆನ್ಸಿನಲ್ಲಿ ಹಿಡಿದಿಟ್ಟವನನ್ನು
ತಂದು ಗುಡ್ಡದ ಮೇಲೆ ಕೂರಿಸಿದೆ.
ಹೊಸ ಪಂಚೆ ಉಟ್ಟವನಂತೆ ಅಲುಗಾಡದೆ ಕೂತ.
ಕೆರೆಯಲ್ಲಿ ಮಾತ್ರ ಮೊದಲಿನ ಸಣ್ಣವನದೇ ಬೆಳಕಿನ ಗೆರೆ,
ಸುಳ್ಳುಸಾಕ್ಷಿ ಹೇಳಲೊಪ್ಪದ ಒಬ್ಬನೇ ಒಬ್ಬ ಊರಾತ.
ತೆಗೆದುಬಿಟ್ಟೆ.

ಮದುಮಗಳ ಗಲ್ಲದ ಮೊಡವೆ, ಲೆನ್ಸಿನ ಧೂಳು
ಇವೆಲ್ಲ ಗಂಗಮಾಳಿಯ ಖಾತೆ.
ಮರುದಿನ ನಾನು ಬರುವಷ್ಟರಲ್ಲಿ ಮುಗಿಸಿ ಚಹಾ ಕುಡಿಯುತ್ತಿದ್ದಳು.
"ಅಕ್ಕಾ, ಆಕಾಶದಾಗ ಹದಿನಾಲ್ಕು ಕಲಿ ಇದ್ದುವು,
ಎಲ್ಲಾ ತಗದೇನಿ."

ಹದಿನಾಲ್ಕರಲ್ಲಿ ಅವನೂ ಒಬ್ಬ.

ಬೈಯಲು ಬಾಯಿ ತೆರೆದವಳು ಪರದೆ ನೋಡುತ್ತ ನಿಂತೆ.
ಗುಡ್ಡ ಹಾಗೇ ಬೆಳಗಿತ್ತು.
ಯಂತ್ರದ ಕಂಬಗಳ ಅಂಚು ಬೆಳ್ಳಗೆ,
ಕಲ್ಲಿನ ನೆರಳುಗಳು ನನ್ನ ಕಡೆಗೇ ಚಾಚಿ,
ಕೆರೆಯಲ್ಲಿ ಆ ಗೆರೆ.
ಹುಲ್ಲು, ಕಲ್ಲು, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ
ಯಾರೋ ಈಗಷ್ಟೇ ಎದ್ದುಹೋದ ಜಾಗ ನೋಡುತ್ತಿದ್ದವು.

ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ.
ಬಂದ. ಜೋಳದ ಕಾಳಿನಷ್ಟು.
ಗಂಗಮಾಳಿ ಖಾತ್ರಿಗೆಂದು ಪರದೆಯನ್ನು ಉಗುರಿನಿಂದ ಕೆರೆದಳು.

ಹೂಲಿಯವರಿಗೆ ಹಾಗೇ ಕಳಿಸಿರುವೆ. ಉತ್ತರ ಬಂದಿಲ್ಲ.
ಗೋಡೆಗೊಂದು ಪ್ರತಿ ಹಾಕಿದೆ.
ದಾವಲ ಬಂದಾಗಲೆಲ್ಲ ಅದರೆದುರು ನಿಂತು
ಕೈ ಚಾಚಿ, ಒಂದು ಕಣ್ಣು ಮುಚ್ಚುತ್ತಾನೆ.