ಎರಡು ಕಾಸಿನ ಚಳಿಗಾಲ

ಫೆಬ್ರವರಿ. ಫಿನ್ಲೆಂಡಿನ ಕೈನೂ ಸೀಮೆ,
ನಕ್ಷೆಯಲ್ಲಿ ಹೆಸರಿಲ್ಲದ ಒಂದು ಕೊಳ.
ತೈಸ್ತೋ ಬೈರಿಗೆ ತಿರುವುತ್ತಾನೆ.
ಮೊಣಕಾಲುದ್ದದ ಮಂಜುಗಡ್ಡೆ ಕರಕರ ಎಂದು ಎಂದು
ಕೊನೆಗೊಮ್ಮೆ ಗುಳುಕ್.
ತೂತಿನಿಂದೆದ್ದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ.

"ಒಳಗೆ ಉಸಿರೇ ಇಲ್ಲ ಮಾವ,"
ತಂಗಿಯ ಮಗಳು ತುಯ್ಕೆ ಮೂಗು ಮುಚ್ಚುತ್ತಾಳೆ.
ನವೆಂಬರಿನಲ್ಲಿ ಕದ ಹಾಕಿಕೊಂಡ ನೀರು.
ಆದರೂ ಕೆಸರಿಗೆ ಹೊಟ್ಟೆಯಾನಿಸಿ
ರೂತಾನ ಮೀನು ಇದೆ.
ಗುಂಡಿಗೆ ನಿಧಾನ. ನಿಂತಿಲ್ಲ.

ಹೇಗೆ ಎಂದು ಅವನು ಕೇಳಲಿಲ್ಲ. ನಾಳೆ ಅವಳಿಗೆ ಪರೀಕ್ಷೆ,
ಕೈಗವಸು ಕಳಚಿ ಹಿಮದ ಮೇಲೆ ಆರು ಚುಕ್ಕಿ ಇಟ್ಟಳು:
ಇದು ಸಕ್ಕರೆ. ಬೇಸಿಗೆಯಿಡೀ ತಿಂದು
ಪಿತ್ತಕೋಶದಲ್ಲಿ ಗಂಟು ಕಟ್ಟಿದ್ದು.
ಒಡೆಯುವ ಮೊದಲು ಎರಡು ಕಾಸು ಹೂಡಬೇಕು,
ಒಡೆದರೆ ನಾಲ್ಕು. ಕೈಗೆ ಉಳಿಯೋದು ಎರಡು,
ಜೊತೆಗೆ ಮೂರು ಮೂರು ಚುಕ್ಕಿಯ ಎರಡು ತುಂಡು.
ಗಾಳಿ ಇದ್ದಿದ್ದರೆ ಅವು ಒಳಮನೆ ಹೊಕ್ಕು
ಕಿಡಿಯಿಲ್ಲದೆ ಉರಿದು, ಬೂದಿಯಿಲ್ಲದೆ ಮುಗಿದು
ಮೂವತ್ತರಷ್ಟು ಎಣಿಸಿಕೊಡುತ್ತಿದ್ದವು.
ಗಾಳಿ ಇಲ್ಲ.
ಎರಡೇ ಕಾಸಿನ ಸಂಸಾರ, ಏಪ್ರಿಲ್ ದಾಟೋತನಕ.

"ಆ ತುಂಡು?"
ನಮ್ಮಲ್ಲಾದರೆ ಹುಳಿಯಾಗುತ್ತೆ,
ದಿನಗಟ್ಟಲೆ ತುಂಬಿದರೆ ಸಾವೇ.
ಇದಕ್ಕೆ ಬೇರೆ ದಾರಿ ಗೊತ್ತು: ಹೆಂಡ ಮಾಡಿಬಿಡುತ್ತೆ.
ಚಳಿಗಾಲ ಪೂರಾ ತುಸು ಅಮಲಿನಲ್ಲೇ...

ಅಲ್ಲಿಗೆ ತುಟಿ ಕಚ್ಚಿದಳು.
ಮನೆಯಲ್ಲಿ ಯಾರೂ ಆಡದ ಮಾತು ಅದು,
ಹನ್ನೊಂದು ವರ್ಷದಿಂದ.

ತೈಸ್ತೋ ತೂತಿನೊಳಗೆ ಬಗ್ಗಿ ನೋಡಿದ.
ಕಪ್ಪು. ಅಲ್ಲಾಡದ ಕಪ್ಪು.
ಹಿಮ ಗುಡಿಸುವ ಲಾರಿಯ ಕ್ಯಾಬಿನ್ನಿನಲ್ಲಿ
ಸೀಟಿನಡಿ ಬಾಟಲಿಯಿಟ್ಟುಕೊಂಡ ರಾತ್ರಿಗಳಲ್ಲಿ
ಅವನೂ ಇದನ್ನೇ ಹೇಳುತ್ತಿದ್ದ, ವಸಂತದ ತನಕ ಅಷ್ಟೇ.
"ಮತ್ತೆ ಅದನ್ನೇನು ಮಾಡುತ್ತೆ? ಒಳಗೇ ಇಟ್ಟುಕೊಳ್ಳುತ್ತಾ?"

"ಇಲ್ಲ ಮಾವ. ಕಿವಿರಿನಿಂದ ನೀರಿಗೆ ಬಿಟ್ಟುಬಿಡುತ್ತೆ."

"ಹಾಂ," ಎಂದ. "ಅದು ಜಾಣ."

ಗಾಳದ ಡಬ್ಬಿ ತೆರೆಯಲೇ ಇಲ್ಲ.
ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಅವನಜ್ಜಿಯ ಹಾಗೆ
ಸಕ್ಕರೆ ಗಟ್ಟಿಯೊಂದನ್ನು ಹಲ್ಲಲ್ಲಿ ಕಚ್ಚಿ ಹಿಡಿದು
ಅದರ ಮೂಲಕ ಹೀರಿದ, ಸುರ್‍ರೆಂದು.
ಇನ್ನೊಂದು ಗಟ್ಟಿ ಅವಳಿಗೆ. ಅವಳದನ್ನು ಕಟಕಟ ಅಗಿದಳು.

ತೂತಿನ ಮೇಲೆ ಆಗಲೇ ತೆಳ್ಳಗೆ ಕೆನೆ.
ಸ್ಕೀ ಕಟ್ಟಿಕೊಂಡು ಏರು ಹತ್ತುವಾಗ
ಇಬ್ಬರ ತೊಡೆಯೂ ಉರಿಯಿತು. ನಿಂತರು,
ಬಾಯಗಲಿಸಿ ಎಳೆದುಕೊಂಡರು
ಸುತ್ತ ಬಿಟ್ಟಿ ಬಿದ್ದಿದ್ದ ಗಾಳಿಯನ್ನು.